ಹೆಸರಿದ್ದವರ ಕಂಚಿಗೆ ತೂಕವಿಲ್ಲವೇ?

ನಗರ ಕಲಾ ಗ್ಯಾಲರಿಯ ಮಾನ್ಯ ನಿರ್ದೇಶಕರೇ,

ನನ್ನ ಕಂಚಿನ ಶಿಲ್ಪವನ್ನು ತಾವು ಬೇಡವೆಂದಿರಿ. ಪ್ರದರ್ಶನಾಂಗಣದ ನೆಲ ಅಷ್ಟು ಭಾರ ತಡೆಯುವುದಿಲ್ಲ ಎಂದು ಕಾರಣ ಕೊಟ್ಟಿರಿ. ಈಗ ಅದೇ ನೆಲದ ಮೇಲೆ ನನ್ನ ಸಹಪಾಠಿಯ ಕಂಚು ನಿಂತಿದೆ. ನನ್ನದಕ್ಕಿಂತ ಎತ್ತರ, ನನ್ನದಕ್ಕಿಂತ ದಪ್ಪ. ನ್ಯಾಯಕ್ಕಾಗಿ ಬರೆಯುತ್ತಿದ್ದೇನೆ ಎಂದು ಹೇಳಿಕೊಳ್ಳಬಹುದಿತ್ತು. ಸುಳ್ಳೇಕೆ? ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಹೊಟ್ಟೆಕಿಚ್ಚಿಗೆ ಕಂಚು ಕರಗುವಂತಿದ್ದರೆ ನನ್ನ ಕುಲುಮೆಗೆ ಬೇರೆ ಇಂಧನವೇ ಬೇಕಿರಲಿಲ್ಲ.

ನನ್ನ ಶಿಲ್ಪ ತಮಗೆ ನೆನಪಿರಲಾರದು, ಏಕೆಂದರೆ ತಾವು ಅದನ್ನು ನೋಡಿಯೇ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ನನ್ನ ಅಕ್ಕ, ಸೊಂಟ ತಿರುಗಿಸಿ ನಿಂತು ಒದ್ದೆ ಹೊದಿಕೆ ಹಿಂಡುತ್ತಿರುವ ಭಂಗಿ ಅದು. ನನ್ನನ್ನು ಕಲಾಶಾಲೆಯಲ್ಲಿ ಓದಿಸಿದ್ದು ಅವಳ ಆ ಕೈಗಳೇ. ಮೊದಲ ಎರಕದಲ್ಲಿ ಕಂಚು ಎಡಗೈವರೆಗೆ ಹರಿಯದೆ ಕೆಟ್ಟಿತು. ಅತ್ತು, ಮುಖ ತೊಳೆದು, ಮತ್ತೆ ಹೊಯ್ದೆ. ಗೋಣಿ ಸುತ್ತಿ ತಮ್ಮ ಬಾಗಿಲಿಗೆ ತಂದಾಗ ತಾವು ಮೆಟ್ಟಿಲ ಮೇಲಿಂದಲೇ ಕೈಬೀಸಿ ಕಳಿಸಿದಿರಿ. ಗೋಣಿಯ ಗಂಟನ್ನೂ ಬಿಚ್ಚಿಸಲಿಲ್ಲ. ನನ್ನ ಬಾಡಿಗೆ ಶೆಡ್ಡು ಕೈಬಿಟ್ಟ ಮೇಲೆ ಅದೀಗ ಅಕ್ಕನ ಅಡುಗೆಮನೆ ಸೇರಿದೆ. ಭಾವ ಅದರ ಮೊಣಕೈಗೆ ಟವೆಲ್ ನೇತುಹಾಕುತ್ತಾರೆ. "ಇಬ್ಬರಲ್ಲಿ ಒಬ್ಬಳಾದ್ರೂ ಸುಮ್ನಿರ್ತಾಳಲ್ಲ" ಎಂಬುದು ಅವರ ಹಾಸ್ಯ.

ಸಹಪಾಠಿಯ ಪ್ರದರ್ಶನದ ಉದ್ಘಾಟನೆಗೆ ಅಕ್ಕನನ್ನು ಕರೆದುಕೊಂಡು ಬಂದೆ. ಕಲಾಶಾಲೆಯಲ್ಲಿ ನಾನೂ ಆ ಸಹಪಾಠಿಯೂ ಒಂದೇ ತೊಟ್ಟಿಯ ಜೇಡಿಮಣ್ಣು ಕಲಸಿದವರು. ಅವಳಿಗೆ ಹೂಗುಚ್ಛ, ನನಗೆ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಶಿಲ್ಪ ಕೆಟ್ಟದಾಗಿರಲಿ ಎಂದು ಮನಸಾರೆ ಹಾರೈಸಿಕೊಂಡೇ ಬಂದಿದ್ದೆ. ಸುತ್ತಲೂ ತಿರುಗಿದೆ, ಬೆನ್ನ ಕಡೆ ಬೆಸುಗೆಯ ಗುರುತು ಹುಡುಕಿದೆ, ಬಗ್ಗಿ ಪಾದದ ಬೆರಳುಗಳನ್ನೂ ನೋಡಿದೆ. ಚೆನ್ನಾಗಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಅಷ್ಟರಲ್ಲಿ ಅಕ್ಕ ತಮ್ಮನ್ನೇ ತಡೆದು ಕೇಳಿದಳು: "ಸಾರ್, ಈ ನೆಲ ಗಟ್ಟಿಯಾಗಿದ್ದು ಯಾವಾಗ?"

ತಾವು ನಕ್ಕಿರಿ. "ನೋಡಿ ಅಮ್ಮ, ಅವರಿಗೊಂದು ಹೆಸರಿದೆ."

ಹೆಸರು ಬಂದರೆ ಕಂಚಿನ ತೂಕ ಇಳಿಯುತ್ತದೆಯೇ, ಮಾನ್ಯರೇ? ಗ್ಯಾಲರಿಯೊಳಗೆ ಬಿಡದೆ ಹೆಸರು ಮಾಡಿಕೊಂಡು ಬಾ ಎಂದರೆ, ಈಜು ಕಲಿತ ಮೇಲೆ ನೀರಿಗಿಳಿ ಎಂದಂತಲ್ಲವೇ?

ಮಾತು ಸಹಪಾಠಿಯ ಕಿವಿಗೂ ಬಿತ್ತು. ಅವಳು ನನ್ನ ಭುಜ ಹಿಡಿದು, "ನಿಂದೂ ತಂದುಬಿಡೇ. ನಂದನ್ನ ಒಂದು ಪಕ್ಕಕ್ಕೆ ಸರಿಸಿದ್ರಾಯ್ತು" ಎಂದಳು. ತಮಗೆ ತೋಚದ ಔದಾರ್ಯ ಅವಳಿಗೆ ತೋಚಿತು. ನಾನು ಏನೆಂದೆ ಗೊತ್ತೇ? "ನೀನು ಸರಿದು ಕೊಟ್ಟ ಜಾಗ ನಂಗೆ ಬೇಡ" ಎಂದೆ. ಅವಳ ಮುಖ ಚಿಕ್ಕದಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ಕಡೆ ತಿರುಗದೆಯೇ, "ಜಂಬ ನಿಂದು. ನಿನ್ನ ಶಿಲ್ಪಕ್ಕೆ ನಿಂತ್ಕೊಂಡು ಸೊಂಟ ನೋಯಿಸ್ಕೊಂಡಿದ್ದು ನಾನು. ನನ್ನನ್ನೊಂದು ಮಾತು ಕೇಳಬಾರದಿತ್ತೇನೇ?" ಎಂದಳು. ಮರುದಿನ ಸಹಪಾಠಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಚಹಾ ಕೊಟ್ಟಳು. ಅವಳ ವರ್ಕ್‌ಶಾಪಿನ ದೊಡ್ಡ ಕಿಟಕಿ ನೋಡಿ ಮತ್ತೆ ಹೊಟ್ಟೆ ಉರಿಯಿತು. ಅದು ಬೇರೆ ಮಾತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅವಳ ಕಂಚನ್ನು ಒಂದು ಅಂಗುಲವೂ ಕದಲಿಸಬೇಡಿ. ತಾವು ಖುದ್ದಾಗಿ ಅಕ್ಕನ ಅಡುಗೆಮನೆಗೆ ಬನ್ನಿ. ಟವೆಲ್ ತೆಗೆಯಿರಿ, ಸುತ್ತಲೂ ನಡೆದು ನೋಡಿ. ಹಿಡಿಸಿದರೆ ಜಾಗ ಕೊಡಿ. ಹಿಡಿಸದಿದ್ದರೆ ಅಕ್ಕನ ಎದುರಿಗೇ, ಅವಳ ಮುಖ ನೋಡಿ, "ಇದು ಚೆನ್ನಾಗಿಲ್ಲ" ಎನ್ನಿ. ನಾನು ತಡೆದುಕೊಳ್ಳುತ್ತೇನೆ. ಅವಳೇನು ಮಾಡುತ್ತಾಳೋ, ಅದಕ್ಕೆ ನಾನು ಹೊಣೆಯಲ್ಲ.

ಇಂತಿ,
ಕಾಯುವ ಕಲೆಯಲ್ಲಾದರೂ ಪಳಗಿರುವ
ಒಬ್ಬಳು ಶಿಲ್ಪಿ