ನನ್ನ ಕ್ಲೈಂಟ್ ಮನುಷ್ಯನಲ್ಲ

ಅವ್ವಾ,

ಎದುರಿಗೆ ಹೇಳಲು ಮೂರು ದಿನ ನೋಡಿದೆ, ಬಾಯಿ ಬರಲಿಲ್ಲ. ಅದಕ್ಕೇ ಬರೆದಿಟ್ಟು ಹಾನಗಲ್‌ಗೆ ಕೆಲಸದ ಅರ್ಜಿ ಕೊಡಲು ಹೋಗುತ್ತಿದ್ದೇನೆ.

ಸೋಮವಾರ ನಾನು ಫೋನಿನಲ್ಲಿ ಗೆಳತಿ ತನುಜಾಗೆ, "ಹೊಸಾ ಕ್ಲೈಂಟ್ ಸಿಕ್ಕೇತಿ, ಭಾಳ ಹಗುರ ಐತಿ, ಇನ್ನ ಹೊಡದಾಟಕ್ಕ ಅಂಜಿಕಿಲ್ಲ" ಅಂದದ್ದನ್ನು ನೀನು ಕೇಳಿಸಿಕೊಂಡೆಯಲ್ಲ, ಅದು ಕೋರ್ಟಿನ ಕ್ಲೈಂಟ್ ಅಲ್ಲವ್ವಾ. ಚೌಕ ಚೌಕ ಇಟ್ಟಿಗೆ ಜೋಡಿಸಿ ಮನೆ ಕಟ್ಟುವ ಕಂಪ್ಯೂಟರ್ ಆಟದಲ್ಲಿ ನಾನು ಬೇರೆ ಆಟಗಾರರ ಜೊತೆ ಕತ್ತಿಕಾಳಗ ಆಡುತ್ತೇನೆ. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಅದು ತಡವರಿಸುತ್ತಿತ್ತು. ತಡವರಿಸದಂತೆ ಓಡಿಸುವ ಹಗುರವಾದ ಸಾಫ್ಟ್‌ವೇರಿಗೆ ಕ್ಲೈಂಟ್ ಅನ್ನುತ್ತಾರೆ, ಅಷ್ಟೇ.

ನೀನು ನಳದ ಹತ್ತಿರ, "ನಮ್ಮ ನೇತ್ರಾಗ ಕ್ಲೈಂಟ್ ಬರಾಕತ್ತಾರ" ಅಂದುಬಿಟ್ಟೆ. ಈಗ ಪಕ್ಕದ ಮನೆ ಮಂಜಕ್ಕ ಇವತ್ತು ನಾಲ್ಕಕ್ಕೆ ಹೊಲದ ತಕರಾರಿನ ಕಾಗದ ತರುತ್ತಾರಂತೆ. ನಾನು ಓದಿದ್ದು ಬಿ.ಕಾಂ. "ಡಿಗ್ರಿ ಅಂದ್ರ ಎಲ್ಲಾ ಡಿಗ್ರೀನ" ಅನ್ನಬೇಡ. ಅವರ ಕೋರ್ಟಿನ ತಾರೀಖು ನಾಡಿದ್ದೇ ಇದೆ. ಈಗಲೇ ಹೋಗಿ ನಿಜ ಹೇಳು, ಖರೇ ವಕೀಲರನ್ನು ಹುಡುಕಿಕೊಳ್ಳಲಿ.

ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದೇನೆ, ಮಿಕ್ಸರ್ ಹಚ್ಚಲೆಂದು ಅದರ ಪಿನ್ ಕೀಳಬೇಡ. ಆರಕ್ಕೆ ಪಂದ್ಯವಿದೆ.

ಸಿಟ್ಟಾಗಬೇಡ. ಮಂದಿಯ ಮುಂದೆ ನೀನು ನನ್ನ ಹೆಸರು ಹೇಳಿ ಬೀಗಿದ್ದು ಇದೇ ಮೊದಲು, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ನಿನ್ನೆ ಆಟದಲ್ಲಿ ಹನ್ನೊಂದು ಮಂದಿಯನ್ನು ಕೆಡವಿದ್ದೇನೆ. ಆದರೆ ಮಂಜಕ್ಕ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಾರೆ, ಅವರನ್ನು ಎದುರಿಸುವ ಧೈರ್ಯವಿಲ್ಲದೆ ಹಿತ್ತಲಿನಿಂದ ಹೋಗುತ್ತಿದ್ದೇನೆ. ಚಿಲಕ ಹಾಕಿಕೋ.

ನೇತ್ರಾ