ನಲವತ್ತೇಳರ ಮೇಲಿನ ಬಣ್ಣ

ಮಾರ್ಚ್ 3
ಬಿಪಿ ಮಾತ್ರೆ ನುಂಗಿದೆ. ನಲ್ಲಿಗೆ ವಾಷರ್ ಹಾಕಿದೆ — ಇನ್ನೂ ತೊಟ್ಟಿಕ್ಕುತ್ತಿದೆ, ಹಾಳಾದ್ದು. ಹನ್ನೊಂದಕ್ಕೆ ರೈಲು ಹುಚ್ಚಿನವರಿಬ್ಬರು ಬಂದರು, ಕ್ಯಾಮೆರಾ ನೇತುಹಾಕಿಕೊಂಡು. ಮುಚ್ಚಿದ ಗಿರಣಿಯ ಹಿಂದೆ, ಪೊದೆಯಲ್ಲಿ, ವ್ಯಾಗನ್‌ಗಳನ್ನು ಅತ್ತಿತ್ತ ಎಳೆಯುವ ಹಳೇ ಡೀಸೆಲ್ ಶಂಟಿಂಗ್ ಎಂಜಿನ್ ಸಿಕ್ಕಿದೆಯಂತೆ.
"ಅಂಕಲ್, ನೀವು ರೈಲ್ವೆ ಶೆಡ್ಡಲ್ಲಿ ಪೇಂಟರ್ ಆಗಿದ್ರಂತಲ್ಲ. ಇದು ಯಾವುದು ಹೇಳ್ತೀರಾ?"
ಫೋಟೊದಲ್ಲಿ ಮಾಸಿದ 52. ನನ್ನದೇ ಕೈಬರಹ.
"ಬರೆದಿದೆಯಲ್ರಪ್ಪ, ಕಣ್ಣು ಕಾಣಲ್ವಾ?" ಎಂದೆ.
ಇವಳು ಟೀ ತಂದಳು. ಫೋಟೊ ನೋಡಲಿಲ್ಲ, ಸದ್ಯ.

ಮಾರ್ಚ್ 4
ಬರೆದುಬಿಡುತ್ತೇನೆ. ಯಾರು ಓದಬೇಕು. ಅದು 47. ಹತ್ತೊಂಬತ್ತು ವರ್ಷದ ಹಿಂದೆ ಅದಕ್ಕೆ ವ್ಯಾಗನ್ ಜೋಡಿಸುವಾಗ, ಯಾರ್ಡಿನಲ್ಲೇ ಕೆಲಸಕ್ಕಿದ್ದ ನಮ್ಮ ಮಗ ನಡುವೆ ಸಿಕ್ಕಿ ಸತ್ತ. ಆಮೇಲೆ ಯಾರೂ 47 ಹತ್ತಲಿಲ್ಲ. ಗುಜರಿಗೆ ಹಾಕಿ ಎಂದು ಡ್ರೈವರ್‌ಗಳ ಹಠ. ಫೋರ್‌ಮನ್ ನನ್ನನ್ನೇ ಕರೆದ — "ಒಳ್ಳೇ ಎಂಜಿನ್ ಕಣಯ್ಯಾ. ನಂಬರ್ ಅದಲುಬದಲು ಮಾಡು. ಮುದಿ 52 ಕತ್ತರಿಸ್ಲಿ, ಇದನ್ನ ಗಿರಣಿಗೆ ಮಾರೋಣ."
ಮಾಡಿದೆ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ.
ಇವಳು ಯಾರ್ಡಿನ ಬೇಲಿ ಹಿಡಿದು "47" ಕತ್ತರಿಸುವುದನ್ನು ಕೊನೆತನಕ ನೋಡಿದಳು. ತಿಂಗಳಾದ ಮೇಲೆ ಅಂದೇ ಹೊಟ್ಟೆತುಂಬ ಉಂಡಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮಾರ್ಚ್ 19
ಆ ರೈಲು ಹುಚ್ಚಿನವರು ಮತ್ತೆ ಬಂದರು. ಕುಣಿಯುವುದೊಂದು ಬಾಕಿ. ಚಕ್ರಗಳನ್ನು ಜೋಡಿಸುವ ರಾಡನ್ನು ಉಜ್ಜಿದರಂತೆ. ಗ್ರೀಸಿನ ಕೆಳಗೆ ಕಬ್ಬಿಣದಲ್ಲೇ ಕೊರೆದ ಅಂಕಿ — 47. "ಚೆನ್ನಾಗಿ ಏಮಾರಿಸಿದ್ರಿ ಅಂಕಲ್!"
ಸ್ಟೇಷನ್ ಮುಂದೆ ಕಟ್ಟೆ ಕಟ್ಟಿ ಎಂಜಿನ್ ನಿಲ್ಲಿಸುತ್ತಾರಂತೆ. ನಿಜವಾದ ನಂಬರ್ ನಾನೇ ಬರೆಯಬೇಕಂತೆ. ಹೂಂ ಅಂದುಬಿಟ್ಟೆ.
ಇವಳು ದಿನಾ ತರಕಾರಿ ತರುವುದು ಅಲ್ಲಿಂದಲೇ...

ಮಾರ್ಚ್ 22, ಮಧ್ಯಾಹ್ನ 3
ಇವಳಿಗೆ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕಿರುಚಲಿಲ್ಲ.
"ನೀವೇ ಬರೆದ್ರಾ?"
"ಹೂಂ."
ಟವೆಲ್ ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು.
"ಹಾಗಾದ್ರೆ ಅವತ್ತು ಅಷ್ಟು ಹೊತ್ತು ಯಾವುದೋ ಪಾಪದ ಎಂಜಿನ್‌ಗೆ ಶಾಪ ಹಾಕ್ತಾ ನಿಂತಿದ್ನಾ ನಾನು..."
ನನಗೆ ಅಳು ಬರಬೇಕಿತ್ತು. ಬರಲಿಲ್ಲ.

ಮಾರ್ಚ್ 24, ಬೆಳಗ್ಗೆ 8
ಎರಡು ದಿನ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ಈಗ ಬಂದು ನಿಂತಿದ್ದಾಳೆ — ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಬಿಳಿ ಪೇಂಟ್ ಡಬ್ಬ.
"ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ. ಏಳಿ. ನಂಬರ್ ಕೆಳಗೆ ಅವನ ಹೆಸರೂ ಬರೀರಿ. ಡಬ್ಬ ನಾನು ಹಿಡ್ಕೋತೀನಿ."
ಹತ್ತೊಂಬತ್ತು ವರ್ಷದಿಂದ ಆ ಹೆಸರು ಬರೆದಿಲ್ಲ. ಈ ಪುಸ್ತಕದಲ್ಲೂ ಇಲ್ಲ. ಅಲ್ಲಿ ಒಂದು ಗೆರೆಯೂ ಸೊಟ್ಟಗಾಗಬಾರದು. ಮೊದಲು ಇಲ್ಲೊಮ್ಮೆ ಬರೆದು ನೋಡೋಣ ಎಂದು —