ಆರುತ್ತಲೇ ಇರುವ ಪೈಪು

ನಿಂಬರ್ಗಾ
೧೮ ಜನವರಿ ೨೦೨೫

ಮುದ್ದಿನ ಮಗಳು ಫರಹೀನಳಿಗೆ ನಿನ್ನ ಅಮ್ಮಿಯ ತುಂಬು ಪ್ರೀತಿಯ ದುವಾ.

ಹೌದು, ಫೋಟೊದಲ್ಲಿರುವವಳು ನಾನೇ. ಬಾಯಲ್ಲಿರುವುದು ತಂಬಾಕು ಸೇದುವ ಪೈಪೇ. ತಲೆಯ ಮೇಲೆ ಸೆರಗು ಸರಿಯಾಗಿದೆ, ಕೂತ ಗತ್ತೂ ಚೆನ್ನಾಗಿದೆ. ಹಾಗಿರುವಾಗ ಅದು ನಾನಲ್ಲ ಎಂದು ಯಾಕೆ ಹೇಳಲಿ?

ನಿನ್ನೆ ಫೋನಿನಲ್ಲಿ ನೀನು ಉಸಿರು ಬಿಡದೆ ಬೈದೆ. ಜೇವರ್ಗಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರುಗಳೆಲ್ಲ ಆ ಫೋಟೊ ನೋಡಿ ನಕ್ಕರಂತೆ. ನರ್ಸಿನ ತಾಯಿಯೇ ತಂಬಾಕು ಸೇದಿದರೆ ನರ್ಸು ಬೇರೆಯವರಿಗೆ ಏನು ಬುದ್ಧಿ ಹೇಳಬೇಕು ಎಂದೆ. ಅಫಜಲಪುರದಲ್ಲಿರುವ ನಿನ್ನ ಅತ್ತೆ ಆಯೇಶಾಬಿ ನೋಡಿದರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಗೆ ಹೋಗಲಿ ಎಂದು ಗೋಳಾಡಿದೆ. ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಿದ ಮೂರ್ಖರು ಯಾರು ಎಂದೂ ಕೇಳಿದೆ. ಅದನ್ನು ಆಮೇಲೆ ವಿಚಾರಿಸೋಣ. ನನಗೆ ಒಂದು ಮಾತೂ ಆಡಗೊಡದೆ ನೀನು ಫೋನ್ ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಈ ಸಲ ನಮ್ಮ ಗುಂಪಿನ ಹೆಂಗಸರೆಲ್ಲ ಕಲ್ಯಾಣಕುಮಾರನ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದೇವೆ. ಗುಂಪಿಗೆ ಮುಂದಾಳು ನಾನೇ ಎಂದು ನಿನಗೆ ಗೊತ್ತು. ಆ ಹುಡುಗ ಕೆಟ್ಟವನಲ್ಲ. ಕೂಲಿ ಹೊತ್ತಿಗೆ ಸರಿಯಾಗಿ ಕೊಡುತ್ತಾನೆ, ನನ್ನನ್ನು ಚಾಚಿ ಎನ್ನುತ್ತಾನೆ. ಆದರೆ ಅವನ ಹೊಲದಲ್ಲೂ ಎಲ್ಲರ ಹೊಲದ ಹಳೆಯ ಪದ್ಧತಿಯೇ ನಡೆಯುತ್ತಿತ್ತು. ಬಿಸಿಲೇರಿದ ಮೇಲೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಗಂಡಾಳುಗಳಿಗೆ ಚಿಲಿಮಿ ಬಿಡುವು. ಹಿರಿಯಾಳು ಮಹಾದೇವಪ್ಪ ಮಣ್ಣಿನ ಚಿಲಿಮಿಗೆ ತಂಬಾಕು ತುಂಬಿ, ಮೇಲೊಂದು ಕೆಂಡ ಇಟ್ಟು, ಬಾಯಿ ಕಡೆ ಒದ್ದೆ ಅರಿವೆ ಸುತ್ತಿ ತಾನೊಂದು ಜುರುಕಿ ಎಳೆದು ಪಕ್ಕದವನಿಗೆ ದಾಟಿಸುತ್ತಾನೆ. ಅದು ಎಲ್ಲರ ಕೈಗೂ ಬಂದು ಆರುವ ತನಕ ಗಂಡಸರು ಬದುವಿನ ಮೇಲೆ ಕೂತಿರುತ್ತಾರೆ. ಅಷ್ಟು ಹೊತ್ತೂ ಹೆಂಗಸರು ಕುಡಗೋಲು ಕೆಳಗಿಡುವಂತಿಲ್ಲ. ನಾವು ಸೇದುವುದಿಲ್ಲವಲ್ಲ, ನಮಗೆ ಯಾತರ ಬಿಡುವು?

ನನ್ನ ಮೈಗೆ ಇದು ರೂಢಿಯಾಗಿ ಹೋಗಿತ್ತು. ಆದರೆ ಈ ಸಲ ಗುಂಪಿನಲ್ಲಿ ಮಿನಾಜ ಇದ್ದಳು. ಹೋದ ವರ್ಷ ನಮ್ಮ ಓಣಿಗೆ ಸೊಸೆಯಾಗಿ ಬಂದ ಹುಡುಗಿ, ಚೊಚ್ಚಲು ಬಾಣಂತಿ. ಹಸಿಗೂಸನ್ನು ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿಸಿ ಸಾಲು ಹಿಡಿಯುತ್ತಿದ್ದಳು. ಕೂಸು ಅತ್ತಾಗ ಇವಳ ಕುಪ್ಪಸ ನೆನೆಯುತ್ತಿತ್ತು. ಗಂಡಸರ ಕಣ್ಣಿಗೆ ಬೀಳಬಾರದೆಂದು ತೊಗರಿ ಕಟ್ಟನ್ನು ಎದೆಗೆ ಅವಚಿಕೊಂಡು ಓಡಾಡುತ್ತಿದ್ದಳು. ಮಧ್ಯಾಹ್ನದ ಬುತ್ತಿಯ ಹೊತ್ತಿನ ತನಕ ಹಾಲಿಲ್ಲ. ಕೂಸು ಸೊರಗತೊಡಗಿತು. ನೀರಲ್ಲಿ ಬಿಸ್ಕತ್ತು ನೆನೆಸಿ ಬಾಯಿಗಿಡು ಎಂದು ಮನೆಯಲ್ಲಿ ಅವಳ ಅತ್ತೆ ಹೇಳಿಕೊಟ್ಟಿದ್ದಳಂತೆ. ಕೂಸಿಗೆ ಎರಡೆರಡು ತಾಸಿಗೆ ಎದೆಹಾಲು ಕೊಡಿ ಎಂದು ನೀನು ವಾರ್ಡಿನಲ್ಲಿ ಬಾಣಂತಿಯರಿಗೆ ಹೇಳುತ್ತೀಯಲ್ಲ, ಆ ಮಾತನ್ನು ಹೊಲದ ಮಾಲೀಕರಿಗೆ ಯಾರು ಹೇಳಬೇಕು ಮಗಳೇ?

ನಾನೇ ಹೇಳಿದೆ. ಗಂಡಸರು ಕೂತಾಗ ನಮಗೂ ಬಿಡುವು ಕೊಡಿ, ಮಿನಾಜ ಕೂಸಿಗೆ ಹಾಲುಣಿಸಿ ಬರಲಿ ಎಂದೆ. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಒಂದೊಂದು ನೆಪ ತರುತ್ತಾರೆ, ಮಳೆ ಮೋಡ ಬರುವ ಮೊದಲು ರಾಶಿ ಆಗಬೇಕು ಎಂದು ಕಲ್ಯಾಣಕುಮಾರ ತನ್ನ ಲೆಕ್ಕ ಹೇಳಿದ. ನಾನು ಜಗ್ಗಲಿಲ್ಲ. ಆಗ ಅವನು ಎಲ್ಲರೆದುರು ನಗುತ್ತಾ ಹೇಳಿದ, "ಚಿಲಿಮಿ ಸೇದೋರಿಗಷ್ಟ ಬಿಡುವು ನೋಡ್ರಿ ಚಾಚಿ. ನೀವೂ ಸೇದ್ರಿ, ಕೂಡ್ರಿ. ಬ್ಯಾಡಂದೋರು ಯಾರು?"

ಗಂಡಾಳುಗಳೆಲ್ಲ ನಕ್ಕರು. ನಾನೂ ನಕ್ಕೆ. ಮಾತು ಅವನ ಬಾಯಿಂದಲೇ ಬಂದಿತ್ತು, ಕೇಳಿದವರು ಹೊಲದ ತುಂಬ ಇದ್ದರು. ಅಂದು ಸಂಜೆ ನಮ್ಮ ಕಟ್ಟೆಯ ಮೇಲೆ ಹೆಂಗಸರನ್ನೆಲ್ಲ ಕೂಡಿಸಿ, ನಮಗೂ ಒಂದು ಸೇದುವ ಸಾಮಾನು ಬೇಕು ಎಂದೆ. ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೂಡಿಸಿದರು. ನಿನ್ನ ಅಬ್ಬಾ ಒಳಗಿನಿಂದ ಎಲ್ಲ ಕೇಳಿಸಿಕೊಂಡು, ಸೇದಿದ ಮೇಲೆ ಏಲಕ್ಕಿ ಅಗಿದು ಮನೆಯೊಳಗೆ ಬಾ ಎಂದಷ್ಟೇ ಹೇಳಿದರು.

ಮಾರನೆಯ ದಿನ ಆಳಂದದ ಸಂತೆ. ನಾನೂ ನಮ್ಮ ಗುಂಪಿನ ಚಂದಮ್ಮನೂ ಬಸ್ಸು ಹತ್ತಿದೆವು. ಮೊದಲು ಕುಂಬಾರರ ಹತ್ತಿರ ಚಿಲಿಮಿ ನೋಡಿದೆವು. ಅಗ್ಗವೇನೋ ಹೌದು, ಆದರೆ ನಾಲ್ಕು ಜುರುಕಿಗೆ ಬೂದಿಯಾಗುತ್ತದೆ. ಅಷ್ಟರಲ್ಲಿ ಕೂಸು ಒಂದು ಮಗ್ಗುಲ ಹಾಲೂ ಕುಡಿದಿರುವುದಿಲ್ಲ. ದರ್ಗಾ ರಸ್ತೆಯಲ್ಲಿ ಅತ್ತರು, ಸುರ್ಮಾ, ತಸಬಿ ಸರ ಮಾರುವ ಲಾಡ್ಲೆಸಾಬನ ಅಂಗಡಿ ನಿನಗೆ ನೆನಪಿರಬೇಕು, ನಿನ್ನ ನಿಕಾಹಕ್ಕೆ ಅತ್ತರು ತಂದದ್ದು ಅಲ್ಲಿಂದಲೇ. ಅವನ ಗಾಜಿನ ಪೆಟ್ಟಿಗೆಯಲ್ಲಿ ಸಾಹೇಬರು ಸೇದುವಂಥ ಕಟ್ಟಿಗೆಯ ಪೈಪುಗಳನ್ನು ನಾನು ಆಗಲೇ ನೋಡಿಟ್ಟಿದ್ದೆ.

ಯಾರಿಗೆ ಎಂದು ಕೇಳಿದ. ನನಗೆ ಎಂದೆ. ಅವನು ಒಮ್ಮೆ ರಸ್ತೆ ನೋಡಿದ, ಒಮ್ಮೆ ಚಂದಮ್ಮನನ್ನು ನೋಡಿದ, ಆಮೇಲೆ ಬಟ್ಟೆಯಿಂದ ಪೈಪು ಒರೆಸತೊಡಗಿದ. ವ್ಯಾಪಾರಸ್ಥನೆಂದರೆ ಹಾಗಿರಬೇಕು. ಹೊಸಬರಿಗೆ ದುಬಾರಿಯದು ಬೇಡ, ಆದರೆ ಅಗ್ಗದ್ದನ್ನು ನೋಡಿ ಆರಿಸಬೇಕು ಎಂದು ನಿಧಾನವಾಗಿ ತಿಳಿಸಿದ. ಹಲ್ಲಿನಲ್ಲಿ ಕಚ್ಚಿ ಹಿಡಿದರೆ ದವಡೆ ನೋಯಬಾರದು. ಬರೀ ಪೈಪನ್ನು ಎಳೆದರೆ ಗಾಳಿ ಸಲೀಸಾಗಿ ಬರಬೇಕು, ಸಿಳ್ಳು ಹೊಡೆಯಬಾರದು. ತಂಬಾಕು ತುಂಬುವ ಬಟ್ಟಲಿನ ಗೋಡೆ ದಪ್ಪಗಿರಬೇಕು, ಇಲ್ಲದಿದ್ದರೆ ಕೈ ಸುಡುತ್ತದೆ. ಒಳಗೆ ಬಣ್ಣ ಬಳಿದಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಗೆ ಹೋಗುವ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಕೂಡಬೇಕು. ಇದನ್ನೆಲ್ಲ ಅವನು ಬೀಟೆ ಕಟ್ಟಿಗೆಯ ಒಂದು ನೆಟ್ಟನೆ ಪೈಪು ಹಿಡಿದು ತೋರಿಸಿದ. ನಾನೂ ಕಚ್ಚಿ ನೋಡಿದೆ, ಎಳೆದು ನೋಡಿದೆ. ಚೆನ್ನಾಗಿಯೇ ಇತ್ತು, ಚೆನ್ನಾಗಿರುವುದೇ ನನಗೆ ತೊಡಕಾಗಿ ಕಂಡಿತು.

ಬುಟ್ಟಿಯ ತಳದಲ್ಲಿ ಒಂದು ಡೊಂಕು ಪೈಪು ಬಿದ್ದಿತ್ತು. ಎತ್ತಿಕೊಂಡೆ. ಅವನಿಗೆ ಸಂಕಟವಾಯಿತು. "ಹೊಸದಾಗಿ ಸೇದೋರಿಗೆ ಅದು ಬ್ಯಾಡ್ರಿ ಆಪಾ. ತೂತು ಮ್ಯಾಲ ಬಿದ್ದದ. ಘಡಿ ಘಡಿಗೆ ಆರ್ತದ. ಕಡ್ಡಿಪೆಟ್ಟಿಗಿ ಖಾಲಿ ಆಗ್ತದ, ತಂಬಾಕ ಹಂಗೇ ಉಳೀತದ" ಎಂದ.

ಮತ್ತೆ ಮತ್ತೆ ಹಚ್ಚಬೇಕಾಗುತ್ತದೆಯೇ ಎಂದು ಕೇಳಿದೆ. ಹಚ್ಚಿ ಹಚ್ಚಿ ಬೇಸತ್ತೇ ಗಿರಾಕಿಯೊಬ್ಬ ವಾಪಸು ಕೊಟ್ಟು ಹೋಗಿದ್ದಾನೆ ಎಂದ. ನಾನೂ ಚಂದಮ್ಮನೂ ಮುಖ ಮುಖ ನೋಡಿಕೊಂಡೆವು. ಅದನ್ನೇ ಕಟ್ಟಿಕೊಡು ಎಂದೆ. ಒಂದು ಕಿಲೊ ಕೋಳಿಯ ದುಡ್ಡೂ ಆಗಲಿಲ್ಲ. ಪಾಪ, ಮೋಸ ಮಾಡಿದ ಪಾಪ ತಟ್ಟಬಾರದೆಂದು ಅವನು ಒಂದು ಅತ್ತರಿನ ಸೀಸೆ ಪುಕ್ಕಟೆ ಕೊಟ್ಟ. ಅದನ್ನು ನಿನಗೆಂದೇ ತೆಗೆದಿಟ್ಟಿದ್ದೇನೆ.

ಮರುದಿನ ಚಿಲಿಮಿ ಹೊತ್ತಾಗುತ್ತಲೇ ನಾವೆಲ್ಲ ಕುಡಗೋಲು ಕೆಳಗಿಟ್ಟು, ಬಾವಿಯ ಪಕ್ಕದ ಬರಿನೆಲದಲ್ಲಿ ದುಂಡಗೆ ಕೂತೆವು. ಕೈಗೆಟಕುವಂತೆ ಒಂದು ಕೊಡ ನೀರು ಇಟ್ಟುಕೊಂಡೆ, ಒಣಗಿದ ತೊಗರಿಗೆ ಕಿಡಿ ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ಗಂಟಿನಿಂದ ಪೈಪು ತೆಗೆದಾಗ ಗಂಡಸರೆಲ್ಲ ಕತ್ತು ಚಾಚಿ ನೋಡಿದರು. ಮಹಾದೇವಪ್ಪನಿಗೆ ಕನಿಕರ ಬಂತೋ ಏನೋ, ಎದ್ದು ಬಂದು ತಾನೇ ತಂಬಾಕು ತುಂಬಿದ. ಹುಟ್ಟಾ ಚಿಲಿಮಿ ಹಿಡಿದ ಕೈ ಅದು. ಚಹಾದ ಒಲೆಯಿಂದ ದೊಡ್ಡದೊಂದು ಕೆಂಡ ತಂದು ಪೈಪಿನ ಬಾಯಿಗಿಟ್ಟ. ಮಣ್ಣಿನದು ತಾಳುತ್ತದೆ, ಕಟ್ಟಿಗೆ ತಾಳೀತೇ? ಚುರ್ ಎಂದು ಅಂಚೇ ಸುಟ್ಟು ಪಾಲೀಶಿನ ಹೊಗೆ ಎದ್ದಿತು. ನಾನೂ ಅವನನ್ನೇ ನೋಡಿ ಕಲಿತವಳು, ಮುಷ್ಟಿ ಕಟ್ಟಿ ಜೀವ ಹೋಗುವಂತೆ ಎಳೆದೆ. ಕೆಮ್ಮಿದ ಕೆಮ್ಮಿಗೆ ಕಣ್ಣು ಮೂಗೆಲ್ಲ ಸುರಿಯಿತು. ಗಂಡಸರು ಬಿದ್ದು ಬಿದ್ದು ನಕ್ಕರು. ನಗಲಿ ಬಿಡು, ನಗುವಷ್ಟು ಹೊತ್ತೂ ನಾವು ಕೂತೇ ಇದ್ದೆವಲ್ಲ.

ಕಲ್ಯಾಣಕುಮಾರ ಬಂದ. ಪೈಪು ಒಂದೇ ಇರುವುದರಿಂದ ಒಬ್ಬರೇ ಕೂತರೆ ಸಾಕು, ಉಳಿದವರು ಸಾಲು ಹಿಡಿಯಲಿ ಎಂದ. ಈ ಮಾತು ಬಂದೇ ಬರುತ್ತದೆಂದು ನಾನು ಉತ್ತರ ಇಟ್ಟುಕೊಂಡೇ ಕೂತಿದ್ದೆ. "ಗಂಡಸರದೂ ಒಂದ ಚಿಲಿಮಿ ಅದಲ್ರಿ ಸಾವ್ಕಾರ್ರ. ಸರದಿ ಬರೋ ತನಕ ಅವ್ರು ನಿಂತಿರ್ತಾರೇನ್ರಿ?" ಎಂದೆ. ಅವನು ಗಂಡಸರ ಕಡೆ ತಿರುಗಿ ನೋಡಿದ. ಎಲ್ಲರೂ ಕೂತಿದ್ದರು. ತಲೆ ಕೆರೆದುಕೊಂಡು ಬದುವಿನ ಕಡೆ ಹೋದ.

ಆ ಹೊತ್ತಿಗೆ ಮಿನಾಜ ಬೇವಿನ ಗಿಡದ ಕೆಳಗೆ ಕೂಸಿಗೆ ಹಾಲುಣಿಸುತ್ತಿದ್ದಳು. ಹೊಗೆ ಹೋಗುವ ದಿಕ್ಕಲ್ಲ ಅದು, ಅದನ್ನೂ ನೋಡಿಯೇ ಕೂತಿದ್ದೆ. ನರ್ಸಮ್ಮನವರು ಗಮನಿಸಬೇಕು, ಪೈಪನ್ನು ಬಾಯಿಗಿಟ್ಟು ಎಳೆದವಳು ನಾನೊಬ್ಬಳೇ, ಅದೂ ಮೊದಲನೆಯ ದಿನ ಒಂದೇ ಸಲ. ಆಮೇಲೆ ಹಚ್ಚುವುದು, ಕೈಯಲ್ಲಿ ಹಿಡಿಯುವುದು, ಆರಿದರೆ ಮತ್ತೆ ಹಚ್ಚುವುದು, ಪಕ್ಕದವಳಿಗೆ ದಾಟಿಸುವುದು, ಇಷ್ಟೇ. ಲಾಡ್ಲೆಸಾಬ ಹೇಳಿದ್ದು ಎಳ್ಳಷ್ಟೂ ಸುಳ್ಳಲ್ಲ. ಗಂಡಸರ ಚಿಲಿಮಿ ಬೂದಿಯಾದರೂ ನಮ್ಮ ಪೈಪಿನ ತಂಬಾಕು ಅರ್ಧವೂ ಮುಗಿಯುತ್ತಿರಲಿಲ್ಲ. ಆರಿತೇ ಎಂದು ಒಬ್ಬಳು ಕೇಳುವುದು, ಆರಿತು ಎಂದು ಇನ್ನೊಬ್ಬಳು ಹೇಳುವುದು, ಮತ್ತೆ ಕಡ್ಡಿ ಗೀರುವುದು. ಗುಟ್ಟು ಮಹಾದೇವಪ್ಪನಿಗೆ ತಿಳಿದಿತ್ತು. ಅವನು ಬಾಯಿ ಬಿಡಲಿಲ್ಲ, ಬದಲಿಗೆ ತನ್ನ ಚಿಲಿಮಿಯನ್ನೂ ನಿಧಾನವಾಗಿ ತುಂಬತೊಡಗಿದ.

ಹೀಗೆ ಕೆಲವು ದಿನ ನಡೆಯಿತು. ಮೊನ್ನೆ ಬೆಳಗ್ಗೆಯಿಂದ ಗಾಳಿ. ಕಡ್ಡಿ ಗೀರಿದರೆ ಆರುತ್ತದೆ, ಮತ್ತೊಂದು ಗೀರಬೇಕು. ಆಚೆ ಕೊಯ್ದ ತೊಗರಿಯ ದೊಡ್ಡ ಬಣವಿ. ಕಲ್ಯಾಣಕುಮಾರ ಒಂದೊಂದು ಕಡ್ಡಿಗೂ ಎದ್ದು ನಿಲ್ಲುತ್ತಿದ್ದ. ಕೊನೆಗೆ ತಾನೇ ಇನ್ನೊಂದು ಕೊಡ ನೀರು ಹೊತ್ತುಕೊಂಡು ನಮ್ಮ ನಡುವೆ ಬಂದು ನಿಂತ.

"ಚಾಚಿ, ಕೈ ಮುಗೀತೇನಿ. ಕಡ್ಡಿ ಗೀರಬ್ಯಾಡ್ರಿ. ಸೇದಬ್ಯಾಡ್ರಿ, ಸುಮ್ನ ಕೂಡ್ರಿ" ಎಂದ.

ಎಲ್ಲರೂ ಕೂಡಬಹುದೇ ಎಂದು ಕೇಳಿದೆ. ಎಲ್ಲರೂ ಎಂದ. ನಾಳೆಯೂ ಹೀಗೆಯೇ ಎಂದೆ. ದಿನಾಲೂ, ಎರಡೂ ಹೊತ್ತು ಎಂದ. ಗಂಡಸರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿ ಎಂದೆ. ಹೇಳಿದ.

ನಾನು ಪೈಪನ್ನು ನೀರಲ್ಲಿ ಅದ್ದಿ ಸೆರಗಿಗೆ ಒರೆಸಿ ಗಂಟಿನಲ್ಲಿ ಇಟ್ಟುಕೊಂಡೆ. ನಿನ್ನೆ ಚಿಲಿಮಿ ಹೊತ್ತಿಗೆ ಮಿನಾಜ ಓಡಲಿಲ್ಲ. ಕೈ ತೊಳೆದುಕೊಂಡು, ಸೆರಗು ಸರಿ ಮಾಡಿಕೊಂಡು ಬೇವಿನ ಗಿಡದ ತನಕ ನಡೆದು ಹೋದಳು. ಅವಳು ನಡೆದು ಹೋಗುವುದನ್ನು ನೋಡಿ ನನಗೆ ಅಳು ಬಂತು ಮಗಳೇ, ಹೆಮ್ಮೆಯ ಅಳು. ಅದೇ ಬೇವಿನ ಗಿಡಕ್ಕೆ ನಿನ್ನ ಜೋಳಿಗೆಯನ್ನೂ ಕಟ್ಟಿದ್ದೆ. ಆಗ ಹೊಲ ಇವನ ತಂದೆಯದು. ನೀನು ಅತ್ತು ಅತ್ತು ದಣಿದು ಮಲಗುವ ತನಕ ನಾನು ಸಾಲಿನಲ್ಲಿ ಬಗ್ಗಿಯೇ ಇರುತ್ತಿದ್ದೆ. ಆ ಕೂಸು ಈಗ ಬಿಳಿ ಕೋಟು ಹಾಕಿಕೊಂಡು ತಾಯಂದಿರಿಗೆ ಹಾಲುಣಿಸುವುದನ್ನು ಕಲಿಸುತ್ತಾಳೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ನೀನೂ ನಿನ್ನ ಸಿಸ್ಟರುಗಳಿಗೆ ಫೋಟೊದಲ್ಲಿರುವ ಹೆಂಗಸು ನನ್ನ ತಾಯಿ ಎಂದು ಒಂದು ಸಲ ಹೇಳು. ತಲೆ ತಗ್ಗಿಸಿ ಹೇಳಬೇಡ.

ಈ ಕಾಗದದೊಂದಿಗೆ ಅಬ್ಬಾನ ಕೈಯಲ್ಲಿ ಹಸಿ ತೊಗರಿಕಾಯಿ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಆ ಅತ್ತರು ಕಳಿಸಿದ್ದೇನೆ. ಅಳಿಯಂದಿರಿಗೆ ದುವಾ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಬಿಡುವಿನ ಹೊತ್ತಿನಲ್ಲಿ ಬದುವಿನ ಮೇಲೆ ಕೂತು ಬರೆದ,
ನಿನ್ನ ಅಮ್ಮಿ
ಮೆಹರಾಜಬೇಗಂ

ತಾ.ಕ. ಫೋಟೊ ಹಾಕಿದ ಮೂರ್ಖರು ಯಾರೆಂದು ಕೇಳಿದ್ದೆಯಲ್ಲ, ನಾನೇ. ಆರಿದ ಪೈಪನ್ನು ಬಾಯಿಗಿಟ್ಟು ಚಂದಮ್ಮನ ಫೋನಿನಲ್ಲಿ ತೆಗೆಸಿದ್ದು, ಸೆರಗು ಸರಿಬರಲಿಲ್ಲವೆಂದು ಎರಡನೇ ಸಲ ತೆಗೆಸಿದೆ. ಮೊದಲು ಕಳಿಸಿದ್ದು ಅಫಜಲಪುರಕ್ಕೆ, ನಿನ್ನ ಅತ್ತೆಗೇ. ಇಂದು ಬೆಳಗ್ಗೆ ಅವರು ಫೋನ್ ಮಾಡಿದರು. ಬೈಯುತ್ತಾರೆಂದು ಮೊದಲು ಎತ್ತಲಿಲ್ಲ, ಮತ್ತೆ ಬಂತು, ಎತ್ತಿ ನಡೆದದ್ದೆಲ್ಲ ಹೇಳಿದೆ. ಅವರ ಊರಲ್ಲಿ ಹತ್ತಿ ಬಿಡಿಸುವ ಹೆಂಗಸರಿಗೂ ಕೂಡುವ ಹೊತ್ತಿಲ್ಲವಂತೆ. ಆಳಂದದಲ್ಲಿ ಆ ಅಂಗಡಿ ಎಲ್ಲಿದೆ, ಅಂಥದೇ ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದರು.